ಅಬೇದಾಬಿಯ ಕೋಣೆಗೆ ಗಾಳಿ

ಹುಬ್ಬಳ್ಳಿಯಿಂದ ಬಂದಿದ್ದ ಎಂಜಿನಿಯರು ಕೊಟ್ಟುಹೋದ ಕೊಟೇಶನ್ ಮೂರು ಪುಟ ಇತ್ತು. ಗುಲ್ಶನ ಅದನ್ನು ಬ್ಲೌಸು ಕತ್ತರಿಸುವ ಹಲಗೆಯ ಮೇಲೆ ಹರಡಿಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಗಾಳಿ ಸೋಸುವ ಮಷೀನಿಗೆ ಒಂದು ಲಕ್ಷ ಅರವತ್ತೆಂಟು ಸಾವಿರ. ಪೈಪು, ಜಾಲರಿ, ಗೋಡೆ ಕೊರೆಯುವ ಕೂಲಿ ಸೇರಿ ಎಪ್ಪತ್ತೆರಡು ಸಾವಿರ. ಅದರ ಮೇಲೆ ಜಿಎಸ್‌ಟಿ. ಎಲ್ಲ ಕೂಡಿಸಿದರೆ ಎರಡು ಲಕ್ಷ ಎಂಬತ್ತಮೂರು ಸಾವಿರದ ಇನ್ನೂರು ರೂಪಾಯಿ.

"ಇಷ್ಟರಾಗ ನನಗ ಇನ್ನೊಂದು ಹಳೇ ಗಾಡಿ ಬರತೈತಿ," ಎಂದ ರಫೀ. ಅವಳ ಗಂಡ ಊರ ಹತ್ತಿರದ ಫ್ಯಾಕ್ಟರಿಯಲ್ಲಿ ಬೂದಿಯಿಂದ ಮಾಡುವ ಇಟ್ಟಂಗಿ ಸಾಗಿಸುವ ಸಣ್ಣ ಲಾರಿ ಓಡಿಸುತ್ತಿದ್ದ. "ಗಾಳಿಗೆ ಮೂರು ಲಕ್ಷ ಕೊಡೋರು ಯಾರದಾರ?"

ಒಳಕೋಣೆಯಿಂದ ಅವನ ತಾಯಿ ಅಬೇದಾಬಿಯ ಕೆಮ್ಮು ಕೇಳಿಸಿತು.

ಅವರ ಊರು ಗುಡದಾಳ ಕೊಪ್ಪಳದಿಂದ ಹತ್ತು ಕಿಲೋಮೀಟರು. ಮನೆಯ ಮಾಳಿಗೆ ಹತ್ತಿದರೆ ಕಬ್ಬಿಣದ ಫ್ಯಾಕ್ಟರಿಯ ಚಿಮಣಿ ಎದುರಿಗೇ ಕಾಣುತ್ತಿತ್ತು. ಬೆಳಿಗ್ಗೆ ಕಸ ಗುಡಿಸಿದರೆ ಮೊರದ ತುಂಬ ಕಪ್ಪು ಪುಡಿ. ಒಣಗಲು ಹಾಕಿದ ಬಿಳಿ ಬಟ್ಟೆಯನ್ನು ಸಂಜೆ ಇನ್ನೊಮ್ಮೆ ಒಗೆಯಬೇಕು. ಗಿರಾಕಿಗಳ ಬ್ಲೌಸುಗಳನ್ನು ಗುಲ್ಶನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೇ ಇಡುತ್ತಿದ್ದಳು. ಅತ್ತೆ ಅಬೇದಾಬಿಗೆ ಅರವತ್ತಾರು ವರ್ಷ. ಮೂರು ವರ್ಷದಿಂದ ಅವಳ ಎದೆ ಗೊರಗುಟ್ಟುತ್ತಿತ್ತು. ಕೊಪ್ಪಳದ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಧೂಳು ಒಳಗೆ ಬರದ ಹಾಗೆ ನೋಡಿಕೊಳ್ಳಿ ಅಂದಿದ್ದರು.

ಅಂದಂತೆಯೇ ಮಾಡಿದರು. ಅತ್ತೆಯ ಕೋಣೆಯ ಕಿಟಕಿಗೆ ಗಾಜು ಕೂಡಿಸಿ ಸಂದಿಗಳಿಗೆ ಟೇಪು ಅಂಟಿಸಿದರು. ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಧೂಳು ಊದುತ್ತದೆಂದು ಅದನ್ನು ತೆಗೆದು, ಕೊಪ್ಪಳದಲ್ಲಿ ಹದಿನಾಲ್ಕು ಸಾವಿರಕ್ಕೆ ಸಿಕ್ಕ ಹಳೇ ಎಸಿ ಹಾಕಿಸಿದರು. ಧೂಳು ನಿಂತಿತು. ಆದರೆ ಮುಚ್ಚಿದ ಕೋಣೆಯಲ್ಲಿ ಮಧ್ಯಾಹ್ನ ಆಗುವುದರೊಳಗೆ ಅಬೇದಾಬಿಗೆ ತಲೆ ಸಿಡಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಬಾಗಿಲು ತೆರೆದರೆ ಬಿಸಿಗಾಳಿಯ ಜೊತೆ ಕಪ್ಪು ಪುಡಿ ಒಳಗೆ. ಡಾಕ್ಟರನ್ನು ಮತ್ತೆ ಕೇಳಿದಾಗ, "ಹೊಸ ಗಾಳಿ ಬೇಕಮ್ಮ, ಆದ್ರ ಸೋಸಿದ ಗಾಳಿ ಬೇಕು," ಎಂದು ಹುಬ್ಬಳ್ಳಿಯ ಈ ಎಂಜಿನಿಯರ ನಂಬರು ಕೊಟ್ಟಿದ್ದರು.

ಎಂಜಿನಿಯರು ಒಳ್ಳೆಯ ಮನುಷ್ಯ. ಕೋಣೆ ಅಳೆದು, ಚಹಾ ಕುಡಿದು, ಕೊಟೇಶನ್ನಿನ ಹಿಂಬದಿಗೆ ಚಿತ್ರ ಬರೆದು ತಿಳಿಸಿದ್ದರು. "ಒಂದು ಫ್ಯಾನು ಒಳಗಿನ ಹೊಲಸು ಗಾಳಿ ಹೊರಗ ಹಾಕತೈತಿ. ಇನ್ನೊಂದು ಹೊರಗಿನ ಗಾಳಿ ಫಿಲ್ಟರಿನಿಂದ ಸೋಸಿ ಒಳಗ ತರತೈತಿ. ನಡಕ ತೆಳ್ಳನ ಹಾಳಿ ಇರತಾವ್ರಿ. ಎರಡು ಗಾಳಿ ಒಂದಕ್ಕೊಂದು ಕೂಡೂದಿಲ್ಲ, ಆದ್ರ ಬಾಜೂಕ ಬಾಜೂಕ ಹಾದು ಹೋಗತಾವ. ಹೋಗೋ ತಂಪು ಗಾಳಿ ತನ್ನ ತಂಪು ಬರೋ ಬಿಸಿಗಾಳಿಗೆ ಕೊಟ್ಟು ಹೋಗತೈತಿ. ನಿಮ್ಮ ಎಸಿ ಬಿಲ್ಲು ಏರೂದಿಲ್ಲ."

ಗುಲ್ಶನ ಹತ್ತನೇ ಇಯತ್ತೆಯವರೆಗೆ ಓದಿದವಳು. ಅವಳಿಗೆ ಇದು ಚೆನ್ನಾಗಿ ತಿಳಿಯಿತು. ದುಡ್ಡಿನ ದಾರಿ ಮಾತ್ರ ತಿಳಿಯಲಿಲ್ಲ.

ಮೊದಲು ಕೊಪ್ಪಳದ ಸೌಹಾರ್ದ ಸಹಕಾರಿಗೆ ಹೋದಳು. ಹೊಲಿಗೆ ಯಂತ್ರಕ್ಕೆಂದು ಅಲ್ಲಿ ಒಮ್ಮೆ ಸಾಲ ತೆಗೆದು, ಒಂದು ಕಂತೂ ತಪ್ಪಿಸದೆ ತೀರಿಸಿದ್ದಳು. ಸಾಲ ವಿಭಾಗದ ಸುನಿತಾ ಕೊಟೇಶನ್ನನ್ನು ಎರಡು ಸಲ ತಿರುಗಿಸಿ ನೋಡಿದಳು.

"ಮಾಳಿಗಿ ಮ್ಯಾಲ ಸೋಲಾರ್ ಹಾಕ್ರಿ, ಸಬ್ಸಿಡಿ ಐತಿ. ಸ್ಟೋವಿಗೆ ಐತಿ, ಸಂಡಾಸಕ್ಕ ಐತಿ. ಇದಕ್ಕ ಯಾವ ಸ್ಕೀಮೂ ನಾ ಕೇಳಿಲ್ಲರಿ ಗುಲ್ಶನ್. ಮನಿ ದುರಸ್ತಿ ಅಂತ ಹಾಕಿದ್ರ ಅರವತ್ತು ಸಾವಿರ ಕೊಡಬಹುದು. ಹದಿಮೂರು ಪರ್ಸೆಂಟು, ಇಬ್ಬರು ಜಾಮೀನು."

"ಮೂರು ಲಕ್ಷಕ್ಕ ಏನ್ ಮಾಡಬೇಕ್ರಿ?"

"ಮೂರು ಲಕ್ಷಕ್ಕ ಮನಿ ಪತ್ರ ಇಡಬೇಕಾಗತೈತಿ. ನಾ ನಿಮ್ಮ ಜಾಗಾದಾಗ ಇದ್ದರ ಇಡತಿದ್ದಿಲ್ಲ." ಸುನಿತಾ ಸಾಲ ಕೊಡುವ ಕುರ್ಚಿಯಲ್ಲಿ ಕೂತು ಈ ಮಾತು ಹೇಳಿದ್ದು ಗುಲ್ಶನಳಿಗೆ ಹಿಡಿಸಿತು.

ಅದಾದ ನಾಲ್ಕನೇ ದಿನ ಫ್ಯಾಕ್ಟರಿಯಿಂದಲೇ ಮನುಷ್ಯ ಬಂದ. ಹೆಸರು ರುದ್ರೇಶ, ಕುಷ್ಟಗಿ ಕಡೆಯವನು, ಕಂಪನಿಯ ಸಾಮಾಜಿಕ ಕೆಲಸಗಳ ವಿಭಾಗದಲ್ಲಿದ್ದ. ಊರ ಶಾಲೆಗೆ ಬೆಂಚು ಕೊಡಿಸಿದ್ದು, ನೀರಿನ ಟಾಕಿ ಕಟ್ಟಿಸಿದ್ದು ಅವನೇ. ರಫೀ ಇಟ್ಟಂಗಿ ತುಂಬಿಸಿಕೊಳ್ಳುವಾಗ ಯಾರ ಮುಂದೋ ಮಷೀನಿನ ಸುದ್ದಿ ಆಡಿದ್ದ, ಅದು ಅವನ ಕಿವಿಗೆ ಬಿದ್ದಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು, ಮೊದಲು ಅಬೇದಾಬಿಯ ಕೋಣೆಗೆ ಹೋಗಿ ಆರೋಗ್ಯ ವಿಚಾರಿಸಿದ. ಆಮೇಲೆ ಗುಲ್ಶನಳ ಮುಂದೆ ಕೂತ.

"ಅಕ್ಕಾರ, ಆ ಮಷೀನಿಂದು ಪೂರ್ತಿ ಖರ್ಚು ಕಂಪನಿ ಕೊಡತೈತ್ರಿ. ಎರಡು ವರ್ಷದ ಫಿಲ್ಟರ್ ಸುದ್ದಾ. ನೀವು ಒಂದು ರೂಪಾಯಿ ಹಾಕೂದು ಬ್ಯಾಡ."

ರಫೀಯ ಮುಖ ಅರಳಿತು. ಗುಲ್ಶನಳಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ರುದ್ರೇಶ ಚೀಲದಿಂದ ಒಂದು ಕಾಗದ ತೆಗೆದ. "ಇದು ಬರೇ ಪದ್ಧತಿ. ಇಲ್ಲಿ ಒಂದು ಸೈ ಬೇಕು. ಒಂದು ಫೋಟೋ ತೆಕ್ಕೋತೀವಿ."

ಸೈ ಮಾಡುವ ಮೊದಲು ಓದುವುದು ಗುಲ್ಶನಳ ಅಭ್ಯಾಸ. ಅರ್ಧ ಪುಟದ ಕನ್ನಡ. ಕಂಪನಿ ನಮ್ಮ ಕುಟುಂಬದ ಏಳಿಗೆಗೆ ಸಹಾಯ ಮಾಡಿದೆ. ಕಾರ್ಖಾನೆಯಿಂದ ನಮ್ಮ ಮನೆಗಾಗಲಿ, ನಮ್ಮ ಆರೋಗ್ಯಕ್ಕಾಗಲಿ ಯಾವುದೇ ತೊಂದರೆ ಆಗಿರುವುದಿಲ್ಲ. ಕಾರ್ಖಾನೆಯ ವಿಸ್ತರಣೆಗೆ ನಮ್ಮ ಸಂಪೂರ್ಣ ಒಪ್ಪಿಗೆ ಇದೆ. ಜೂನ್ ತಿಂಗಳಲ್ಲಿ ಹೊಸ ಕುಲುಮೆಗಳ ಬಗ್ಗೆ ಅಧಿಕಾರಿಗಳು ಸಾರ್ವಜನಿಕ ಅಹವಾಲು ಸಭೆ ಕರೆದದ್ದು ಅವಳಿಗೆ ಗೊತ್ತಿತ್ತು. ಪಂಚಾಯ್ತಿಯ ಗೋಡೆಗೆ ನೋಟೀಸು ಅಂಟಿಸಿದ್ದರು.

"ಸಾಹೇಬ್ರ," ಅಂದಳು ಗುಲ್ಶನ, "ನಮಗ ಏನೂ ತೊಂದರಿ ಇಲ್ಲ ಅಂದ್ರ ನೀವು ಮಷೀನ್ ಯಾತಕ್ಕ ಕೊಡತೀರಿ?"

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ರುದ್ರೇಶನ ಕಿವಿ ಕೆಂಪಾದವು. "ಅದು ಮ್ಯಾಲಿನವರು ಬರದ ಕಾಗದ ಅಕ್ಕಾರ. ನನ್ನ ಕೈಯಾಗ ಏನೂ ಇಲ್ಲ. ವಿಚಾರ ಮಾಡ್ರಿ, ಗಡಿಬಿಡಿ ಏನಿಲ್ಲ," ಎಂದು ಕಾಗದ ಅಲ್ಲೇ ಬಿಟ್ಟು ಎದ್ದ.

ಅವನು ಹೋದ ಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ, ಜಗಳಕ್ಕಿಂತ ಕಷ್ಟದ ಮಾತು ನಡೆಯಿತು. ರಫೀ ಸೈ ಮಾಡೋಣ ಅಂದ. ಅಬೇದಾಬಿ ಕಾಗದವನ್ನು ಸೊಸೆಯ ಕೈಲೇ ಓದಿಸಿ ಕೇಳಿದಳು. ಕೇಳಿ, ಉಸಿರು ಎಳೆದುಕೊಂಡು ಹೇಳಿದಳು: "ಮಾಡು ಸೈ. ಕಾಗದ ನನ್ನ ಕೆಮ್ಮು ಕಸಗೊಳ್ಳೂದಿಲ್ಲ, ಕೊಡೂದೂ ಇಲ್ಲ. ನನಗ ಗಾಳಿ ಬೇಕು."

"ಅತ್ತಿ, ಇದನ್ನ ಸಭಾದಾಗ ಓದತಾರ. ಗುಡದಾಳದ ಮಂದೀಗೆ ಏನೂ ಆಗಿಲ್ಲ ಅಂತ ನಮ್ಮ ಹೆಸರು ಹಿಡದು ಓದತಾರ. ಬಾಜೂ ಮನಿ ಪಂಪಮ್ಮನ ಮೊಮ್ಮಗಳು ದಿನಾ ದಮ್ಮಿನ ಔಷಧದ ಪಂಪು ಎಳಕೊಂಡು ಸಾಲಿಗೆ ಹೋಗತಾಳ. ಆಕಿ ಮಾತು ಯಾರು ನಂಬತಾರ?"

"ಪಂಪಮ್ಮನ ಮೊಮ್ಮಗಳು ನಿನಗ ಹೆಚ್ಚಾದಳು," ಎಂದಳು ಅಬೇದಾಬಿ. ಮುಖ ಗೋಡೆಯ ಕಡೆ ತಿರುಗಿಸಿದಳು.

ಗುಲ್ಶನ ಸೈ ಮಾಡಲಿಲ್ಲ. ಮಾಡಲಾರೆ ಎಂದು ಎಲ್ಲರೆದುರು ಹೇಳಲೂ ಇಲ್ಲ. ಕಾಗದವನ್ನು ಟ್ರಂಕಿನಲ್ಲಿಟ್ಟು, ಮರುದಿನ ಕೊಟೇಶನ್ ಹಿಡಿದುಕೊಂಡು ಗಂಗಾವತಿ ಬಸ್ಸು ಹತ್ತಿದಳು.

ಗಂಗಾವತಿಯಲ್ಲಿ ಅವಳ ತಾಯಿಯ ಅಣ್ಣ ನೂರಸಾಬನ ಕೂಲರ್ ಅಂಗಡಿ ಇತ್ತು. ತಗಡು ಕತ್ತರಿಸಿ, ಮೂಲೆ ಮಡಚಿ, ಹುಲ್ಲಿನ ಪ್ಯಾಡು ಕಟ್ಟಿ ಮೂವತ್ತೆರಡು ವರ್ಷದಿಂದ ಕೂಲರ್ ಮಾಡುತ್ತಿದ್ದ. ಪ್ಲಾಸ್ಟಿಕ್ಕಿನ ಕೂಲರ್ ಬಂದ ಮೇಲೆ ವ್ಯಾಪಾರ ಅರ್ಧಕ್ಕಿಳಿದಿತ್ತು. ಎಂಜಿನಿಯರು ಬರೆದ ಚಿತ್ರವನ್ನು ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಸೋದರಸೊಸೆ ಹೇಳಿದ್ದೆಲ್ಲ ಕೇಳಿದ.

"ಬೇಟಾ, ಇದರಾಗ ಎರಡು ಫ್ಯಾನು, ಒಂದು ಡಬ್ಬಿ, ನಡಕ ತಗಡು. ಮೂರು ಲಕ್ಷ ಎಲ್ಲಿ ಕುಂತದ?"

"ಅವರದು ಕಂಪನಿ ಮಾಲು ಮಾಮು. ಗ್ಯಾರಂಟಿ ಕೊಡತಾರ."

"ಗ್ಯಾರಂಟಿ ನನ್ನ ಕಡೆ ಇಲ್ಲ. ನಾ ಹಿಂದ ಇಂಥಾದ್ದು ಮಾಡಿಲ್ಲ. ಆಗದಿದ್ರ ನಿನ್ನ ರೊಕ್ಕ ನೀರಾಗ ಹೋದಂಗ. ಹೇಳು, ಮಾಡ್ಲೇನು?"

ಗುಲ್ಶನ ಮಾಡ್ರಿ ಅಂದಳು. ಕೊಪ್ಪಳಕ್ಕೆ ಇಳಿದು ಸುನಿತಾಳ ಹತ್ತಿರ ಅರವತ್ತು ಸಾವಿರದ ಅರ್ಜಿ ತುಂಬಿದಳು. ಜಾಮೀನಿಗೆ ಒಬ್ಬ ನೂರಸಾಬ, ಇನ್ನೊಬ್ಬಳು ಪಂಪಮ್ಮ.

ನೂರಸಾಬ ಹೊಸಪೇಟೆಯಿಂದ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ತಂದ. ಎಪ್ಪತ್ತು ಚೌಕ ಕತ್ತರಿಸಿದ. ಒಂದರ ಮೇಲೊಂದು ಸಣ್ಣ ಪಟ್ಟಿ ಇಟ್ಟು ಸಂದು ಬಿಟ್ಟು ಜೋಡಿಸಿದ. ಒಂದು ಸಂದಿನಲ್ಲಿ ಹೋಗುವ ಗಾಳಿ, ಅದರ ಮುಂದಿನ ಸಂದಿನಲ್ಲಿ ಬರುವ ಗಾಳಿ, ಮತ್ತೆ ಹೋಗುವ ಗಾಳಿ. ಅಂಚಿಗೆ ಅಂಟು ಹಚ್ಚಿ ತಗಡಿನ ಡಬ್ಬಿಯಲ್ಲಿ ಕೂಡಿಸಿದ. ಹತ್ತು ದಿನದ ಕೆಲಸ ಅಂದುಕೊಂಡದ್ದು ಇಪ್ಪತ್ತೈದು ದಿನ ಹಿಡಿಯಿತು. ಗುಡದಾಳಕ್ಕೆ ತಂದು ಗೋಡೆಗೆ ಎರಡು ತೂತು ಕೊರೆದು ಹಾಕಿ, ಪರೀಕ್ಷೆಗೆಂದು ಕೋಣೆಯಿಂದ ಗಾಳಿ ಹೊರಹೋಗುವ ಬಾಯಿಗೆ ಊದಿನಕಡ್ಡಿ ಹಿಡಿದ. ಸ್ವಲ್ಪ ಹೊತ್ತಿಗೆ ಹೊಸ ಗಾಳಿ ಬರುವ ಬಾಯಿಯಲ್ಲಿ ಘಮಘಮ ವಾಸನೆ ಬಂತು.

"ಸೋರಾಕತ್ತೈತಿ," ಅಂದ ನೂರಸಾಬ. ಮುಖ ಸಪ್ಪಗಾಯಿತು. "ಹೋಗೋ ಹೊಲಸು ತಿರುಗಿ ಒಳಗ ಬರಾಕತ್ತೈತಿ. ಬಿಚ್ಚಬೇಕು."

ಅದನ್ನು ಬಿಚ್ಚಿ, ಗೋಡೆಯ ತೂತು ಮುಚ್ಚಿ, ಗಂಗಾವತಿಗೆ ಒಯ್ದ ವಾರವೇ ಏಪ್ರಿಲ್ ಬಿಸಿಲು ನಲವತ್ತೊಂದು ಡಿಗ್ರಿ ಮುಟ್ಟಿತು. ಒಂದು ಮಧ್ಯಾಹ್ನ ವೋಲ್ಟೇಜು ಕುಸಿದು ಎಸಿ ನಿಂತಿತು, ಫ್ಯಾನು ಮಾತ್ರ ತಿರುಗುತ್ತಿತ್ತು. ರಫೀ ತಾಯಿಯ ಕೋಣೆಯ ಕಿಟಕಿಯ ಟೇಪು ಕಿತ್ತು ತೆರೆದ. ಸಂಜೆಗೆ ಅಬೇದಾಬಿಯ ತುಟಿ ನೀಲಿಯಾಗಿತ್ತು. ಲಾರಿಯ ಕ್ಯಾಬಿನ್ನಿನಲ್ಲೇ ಕೂರಿಸಿಕೊಂಡು ಕೊಪ್ಪಳಕ್ಕೆ ಓಡಿದರು. ನಾಲ್ಕು ದಿನ ಆಕ್ಸಿಜನ್ ಮೇಲಿಟ್ಟರು. ಬಿಲ್ಲು ಇಪ್ಪತ್ತೇಳು ಸಾವಿರ ಆಯಿತು. ಗುಲ್ಶನ ಬಂಗಾರದ ಝುಮಕಿ ಅಡವಿಟ್ಟು ಕಟ್ಟಿದಳು.

ಆಸ್ಪತ್ರೆಯ ವರಾಂಡದಲ್ಲಿ ರಫೀ ಅವಳನ್ನು ಬಯ್ಯಲಿಲ್ಲ. ಒಂದೇ ಮಾತು ಕೇಳಿದ. "ಅವತ್ತು ಸೈ ಮಾಡಿದ್ರ ಇವತ್ತು ಮಷೀನ್ ಇರತಿತ್ತು. ಹೌದಿಲ್ಲೋ?"

"ಹೌದು," ಅಂದಳು ಗುಲ್ಶನ. ತಾನು ಮಾಡಿದ್ದು ಸರಿ ಎಂಬ ಧೈರ್ಯ ಆ ನಾಲ್ಕು ದಿನ ಅವಳಿಗೆ ಒಮ್ಮೆಯೂ ಬರಲಿಲ್ಲ. ಟ್ರಂಕಿನ ಕಾಗದ ನೆನಪಾಗುತ್ತಿತ್ತು. ಮೂರನೇ ದಿನ ಬಟ್ಟೆ ತರಲು ಮನೆಗೆ ಹೋದವಳು ಅದನ್ನು ಹೊರಗೆ ತೆಗೆದು, ಪೆನ್ನು ಕೂಡ ಹುಡುಕಿದಳು. ಅಷ್ಟರಲ್ಲಿ ಪಂಪಮ್ಮ ಜೋಳದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು, "ಅಬೇದಾಬಿಗೆ ಗಂಜಿ ಬ್ಯಾರೆ ಇಟ್ಟೀನಿ, ರೊಟ್ಟಿ ನೀವು ಗಂಡಹೆಂಡ್ತಿ ತಿನ್ರಿ," ಎಂದಳು. ಗುಲ್ಶನ ಕಾಗದ ಮಡಚಿ ಮತ್ತೆ ಒಳಗಿಟ್ಟಳು. ಅದರ ಸುದ್ದಿ ಯಾರ ಮುಂದೆಯೂ ಆಡಲಿಲ್ಲ.

ಎರಡನೇ ಸಲ ನೂರಸಾಬ ಪ್ರತಿ ಹಾಳೆಯ ಅಂಚನ್ನೂ ಮಡಚಿ ಒಳಗೂ ಹೊರಗೂ ಅಂಟು ಬಳಿದಿದ್ದ. ಮೇ ತಿಂಗಳ ಮೊದಲ ವಾರ ಮತ್ತೆ ಕೂಡಿಸಿದ. ಊದಿನಕಡ್ಡಿ ಹಿಡಿದ. ಹತ್ತು ನಿಮಿಷ ಕಾದರೂ ವಾಸನೆ ಬರಲಿಲ್ಲ. ಮೊದಲು ಕಾರಿನ ಫಿಲ್ಟರ್ ಹಾಕಿ ನೋಡಿದರು, ಅದು ಸಣ್ಣ ಪುಡಿಯನ್ನು ತಡೆಯಲಿಲ್ಲ. ಹುಬ್ಬಳ್ಳಿಯ ಎಂಜಿನಿಯರಿಗೇ ಫೋನು ಮಾಡಿ ಕೇಳಿದಾಗ, ಅವರು ಸಿಟ್ಟಾಗದೆ ಯಾವ ಫಿಲ್ಟರ್ ಬೇಕೆಂದು ಹೇಳಿದರು, ಎರಡು ಸಾವಿರದ ಆರುನೂರಕ್ಕೆ ಒಂದನ್ನು ಬಸ್ಸಿನಲ್ಲಿ ಕಳಿಸಿಯೂ ಕೊಟ್ಟರು. "ಟೆಂಪರೇಚರ್ ಎಷ್ಟು ಬರಾಕತ್ತೈತಿ ನೋಡಿ ಹೇಳ್ರಿ," ಅಂದರು. ಹೊರಗೆ ನಲವತ್ತೊಂದು, ಕೋಣೆಯಲ್ಲಿ ಇಪ್ಪತ್ತೆಂಟು, ಡಬ್ಬಿಯಿಂದ ಒಳಗೆ ಬರುವ ಗಾಳಿ ಮೂವತ್ತಮೂರು.

"ನಮ್ಮ ಮಷೀನ್ ಮೂವತ್ತೊಂದಕ್ಕ ತರತೈತಿ. ತಗಡಿನಾಗ ಇಷ್ಟು ಬಂತಂದ್ರ ಭಾಳ ಛಲೋ ಆತು," ಎಂದು ಅವರು ನಕ್ಕದ್ದು ಫೋನಿನಲ್ಲಿ ಎಲ್ಲರಿಗೂ ಕೇಳಿಸಿತು. ನೂರಸಾಬ ಬೇರೆ ಕಡೆ ನೋಡುತ್ತ ಕರ್ಚೀಫಿನಿಂದ ಕನ್ನಡಕ ಒರೆಸಿದ.

ಸಾಮಾನಿನ ಖರ್ಚು ನಲವತ್ತೊಂದು ಸಾವಿರ. ಕೂಲಿ ಅವನು ಆಮೇಲೆ ನೋಡೋಣ ಅಂದ. ಮಷೀನು ಅಕ್ಕಿ ಗಿರಣಿಯಂತೆ ಗುಂಯ್ಯೆನ್ನುತ್ತಿತ್ತು, ಕೆಳಗೆ ರಬ್ಬರು ಹಾಕಿದ ಮೇಲೆ ಸ್ವಲ್ಪ ತಗ್ಗಿತು. ಒಂದೇ ಕೋಣೆಗೆ ಸಾಲುತ್ತಿತ್ತು. ಆದರೆ ಅಬೇದಾಬಿ ಮಧ್ಯಾಹ್ನ ತಲೆನೋವಿಲ್ಲದೆ ನಿದ್ದೆ ಮಾಡತೊಡಗಿದಳು.

ಎಂಜಿನಿಯರು ಆರು ತಿಂಗಳಿಗೊಮ್ಮೆ ಫಿಲ್ಟರ್ ಬದಲಿಸಿರಿ ಎಂದಿದ್ದರು. ಐದನೇ ವಾರಕ್ಕೆ ಗಾಳಿ ಕಡಿಮೆಯಾಯಿತೆಂದು ತೆಗೆದು ನೋಡಿದರೆ ಬಿಳಿ ಫಿಲ್ಟರ್ ಬಾಣಲೆಯ ತಳದಂತಾಗಿತ್ತು. ಗುಲ್ಶನ ಲೆಕ್ಕ ಹಾಕಿದಳು. ವರ್ಷಕ್ಕೆ ಹತ್ತು ಫಿಲ್ಟರು, ಇಪ್ಪತ್ತಾರು ಸಾವಿರ. ಮಷೀನಿನ ಬೆಲೆಯನ್ನು ಎಲ್ಲರೂ ಕೇಳಿದ್ದರು, ಇದನ್ನು ಯಾರೂ ಕೇಳಿರಲಿಲ್ಲ.

ಜೂನಿನ ಸಭೆಗೆ ಅವಳು ಹೋದಳು. ಪೆಂಡಾಲಿನಡಿ ಐನೂರು ಜನ. ಜಿಲ್ಲೆಯ ಅಧಿಕಾರಿಗಳು ಮೇಜಿನ ಹಿಂದೆ. ಕಂಪನಿಯವರು ಒಪ್ಪಿಗೆ ಪತ್ರಗಳ ಕಟ್ಟು ಒಪ್ಪಿಸಿದರು, ನೂರಾ ಹನ್ನೆರಡು ಮನೆಗಳ ಸೈ ಇದೆ ಅಂದರು. ಸರದಿ ಬಂದಾಗ ಗುಲ್ಶನ ಮೈಕು ಹಿಡಿದು, ಮಡಚಿ ತಂದಿದ್ದ ಚೀಟಿ ಬಿಚ್ಚಿದಳು. ಅವಳು ಭಾಷಣ ಮಾಡಲಿಲ್ಲ. ತನ್ನ ಅತ್ತೆಯ ಕೋಣೆಗೆ ಒಂದು ವರ್ಷಕ್ಕೆ ಗಾಳಿಗೆಂದು ಎಷ್ಟು ಖರ್ಚು ಬೀಳುತ್ತದೆ ಅನ್ನುವುದನ್ನು ಚೀಟಿ ನೋಡಿ ಓದಿದಳು. ಆಸ್ಪತ್ರೆ, ಕರೆಂಟು, ಫಿಲ್ಟರು, ಸಾಲದ ಕಂತು. "ಇದನ್ನ ಕಂಪನಿ ಕೊಡಲಿ. ಎಲ್ಲಾ ಮನೀಗೂ ಕೊಡಲಿ. ಆದ್ರ ತೊಂದರಿ ಇಲ್ಲ ಅಂತ ಬರಸಿಕೊಂಡು ಕೊಡಬಾರದ್ರಿ. ತೊಂದರಿ ಐತಿ ಅಂತನ ಕೊಡಬೇಕು." ಅಷ್ಟೇ ಹೇಳಿ ಕೆಳಗಿಳಿದಳು. ಅಧಿಕಾರಿ ಬರೆದುಕೊಂಡರು. ಗುಂಪಿನ ಅಂಚಿನಲ್ಲಿ ನಿಂತಿದ್ದ ರುದ್ರೇಶ ಅವಳನ್ನು ನೋಡಿ, ನೋಡದವನಂತೆ ತಲೆ ಬಗ್ಗಿಸಿದ.

ಮುಂದಿನ ವಾರದಿಂದ ರಫೀಗೆ ಇಟ್ಟಂಗಿ ಲೋಡು ಸಿಗುವುದು ಕಡಿಮೆಯಾಯಿತು. ವಾರಕ್ಕೆ ಆರಿದ್ದದ್ದು ಎರಡಕ್ಕಿಳಿಯಿತು. ಯಾಕೆಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ನೂರಸಾಬ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮಾತಾಡಿ ತೌಡಿನ ಬಾಡಿಗೆ ಕೊಡಿಸಿದ. ದಾರಿ ದೂರ, ಡೀಸೆಲ್ ಹೆಚ್ಚು, ಉಳಿಯುವುದು ಕಡಿಮೆ. ಒಂದು ರಾತ್ರಿ ಊಟ ಮಾಡುತ್ತ ರಫೀ, "ತೌಡಿನ ಲೋಡಿಗೆ ಕೆಮ್ಮು ಬರೂದಿಲ್ಲ ನೋಡು," ಎಂದ. ಆಸ್ಪತ್ರೆಯ ನಂತರ ಅವನು ಅವಳೊಡನೆ ಹಗುರಾಗಿ ಆಡಿದ ಮೊದಲ ಮಾತು ಅದು.

ಹೊಸ ಕುಲುಮೆಗಳ ಅರ್ಜಿ ಮೇಲಿನ ಕಚೇರಿಯಲ್ಲಿ ಕೂತಿತು. ಒಪ್ಪಿಗೆಯೂ ಬರಲಿಲ್ಲ, ಇಲ್ಲ ಎಂಬ ಮಾತೂ ಬರಲಿಲ್ಲ. ಫಿಲ್ಟರ್ ದುಡ್ಡು ಯಾರೂ ಕೊಡಲಿಲ್ಲ. ಪಂಪಮ್ಮ ಮೊಮ್ಮಗಳಿಗಾಗಿ ಅಂಥದೇ ಒಂದು ಡಬ್ಬಿ ಮಾಡಿಸಿದಳು, ಅದನ್ನು ನೋಡಿ ಇನ್ನೂ ಮೂರು ಮನೆಯವರು ಬಂದರು. ಐದು ಮನೆಯವರು ಕೂಡಿ ಫಿಲ್ಟರನ್ನು ಒಟ್ಟಿಗೆ ತರಿಸಿದರೆ ಒಂದಕ್ಕೆ ಸಾವಿರದ ಒಂಬೈನೂರು ಬೀಳುತ್ತಿತ್ತು. ನೂರಸಾಬ ಕೂಲರ್ ಪ್ಯಾಡಿನ ತೆಳ್ಳನೆಯ ಬಟ್ಟೆಯನ್ನು ಮುಂದೆ ಕಟ್ಟಿ ವಾರಕ್ಕೊಮ್ಮೆ ಒಗೆಯಲು ಹೇಳಿಕೊಟ್ಟ, ಅದರಿಂದ ಫಿಲ್ಟರ್ ಎಂಟು ವಾರ ಬಾಳಿತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗುಲ್ಶನ ಅತ್ತೆಯ ಕೋಣೆಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಅಬೇದಾಬಿ ಗೋಡೆಗೆ ದಿಂಬು ಒರಗಿಸಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಆರು ತಿಂಗಳಿಂದ ಇಬ್ಬರ ನಡುವೆ ಊಟ, ಗುಳಿಗೆ, ಸ್ನಾನದ ನೀರು, ಇಷ್ಟೇ ಮಾತು.

"ಅತ್ತಿ," ಎಂದಳು ಗುಲ್ಶನ, ದಾರ ಕಡಿಯುತ್ತ. "ಆ ಕಾಗದಕ್ಕ ಸೈ ಮಾಡಲಿಲ್ಲ ಅಂತ ನಿಮಗ ನನ್ನ ಮ್ಯಾಲ ಸಿಟ್ಟು ಐತಲ್ಲ?"

ಅಬೇದಾಬಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಾ ಆವಾಗ ಮಾಡು ಅಂದಿದ್ದೆ. ಈಗ ಕೇಳಿದ್ರೂ ಅದನ್ನ ಅಂತೀನಿ. ಆ ನಾಕು ದಿನ ನಾ ಹೆಂಗ ಉಸಿರು ಎಳಕೊಂಡೆ, ನನಗೊಬ್ಬಾಕಿಗೆ ಗೊತ್ತು."

"ಹೌದ್ರಿ."

"ಸಿಟ್ಟಲ್ಲ ಇದು. ಇದ್ದದ್ದು ಹೇಳಿದೆ." ಮುದುಕಿ ಸುಲಿದ ಶೇಂಗಾವನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿದಳು. ಊದುವಷ್ಟು ಉಸಿರು ಇತ್ತು. "ನೀನೂ ಮತ್ತ ಕೇಳಿದ್ರ ಸೈ ಮಾಡೂದಿಲ್ಲ. ಅದೂ ನನಗ ಗೊತ್ತೈತಿ."

ಅತ್ತೆ ಅಂಗೈ ಮುಂದೆ ಚಾಚಿದಳು. ಗುಲ್ಶನ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನಾಲ್ಕು ಕಾಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

"ಉಪ್ಪು ಹಾಕಿ ಹುರೀಬೇಕಿತ್ತು," ಎಂದಳು.

"ಹುರಿ ಹೋಗು. ಪಂಪಮ್ಮನ್ನೂ ಕರಿ," ಎಂದಳು ಅಬೇದಾಬಿ. "ಬಾಗಿಲಾ ಎಳಕೊಂಡು ಹೋಗು, ತಂಪು ಹೋಗತೈತಿ."